ಮೀನಿಗಲ್ಲ ಮಗಾ, ನೀರಿಗೆ ಕಾಯಿಲೆ

ನಮ್ಮ ರೂಮಿನಲ್ಲಿ ನಾಲ್ಕು ಜನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ತಾಲ್ಲೂಕಿಗೊಬ್ಬ. ನಾಲ್ಕೂ ಸೇರಿ ಒಂದೇ ಶೈಕ್ಷಣಿಕ ಜಿಲ್ಲೆ, ನಾಲ್ಕಕ್ಕೂ ಸಮುದ್ರ ಅಂದ್ರೆ ಸ್ಕೂಲ್ ಟೂರ್‌ನಲ್ಲಿ ನೋಡಿದ್ದು ಅಷ್ಟೇ. ಇಂಥ ನಾವು ಹೋದ ವರ್ಷ ದುಡ್ಡು ಹಾಕ್ಕೊಂಡು ಬೆಂಗಳೂರಿಂದ ಒಂದು ಲಯನ್‌ಫಿಶ್ ತಂದ್ವಿ. ಕೆಂಪು-ಬಿಳಿ ಪಟ್ಟೆ, ಬೀಸಣಿಗೆ ಥರ ರೆಕ್ಕೆ. ಇಡೀ ಹಾಸ್ಟೆಲ್ ನೋಡೋಕೆ ಬಂತು. ಐದನೇ ದಿನ ಮೀನು ತಿನ್ನೋದು ನಿಲ್ಲಿಸ್ತು.

ಆಗ ಶುರುವಾಯ್ತು ನಮ್ಮ ಡಾಕ್ಟರಿಕೆ. ಶಿರಾದವನು "ಊಟ ಹಿಡಿಸ್ತಿಲ್ಲ, ಗಪ್ಪಿ ತಂದು ಬಿಡೋಣ" ಅಂದ. ಮಧುಗಿರಿಯವನು ಯಾರೋ ಹೇಳಿದ ಔಷಧಿ ತಂದು, ಇರಲಿ ಅಂತ ನಾಲ್ಕು ಹನಿ ಜಾಸ್ತಿನೇ ಹಾಕಿದ. ಕೊರಟಗೆರೆಯವನು "ಹೊಸ ಜಾಗ ಕಣ್ರೋ, ಸರಿ ಹೋಗುತ್ತೆ" ಅಂದ. ಪಾವಗಡದವನು ಮಾತ್ರ "ನೀರು ಟೆಸ್ಟ್ ಮಾಡಿದ್ರಾ?" ಅಂತ ಕೇಳಿದ. ಉಳಿದವರು ನಕ್ವಿ. ನೀರು ಕನ್ನಡಿ ಹಂಗಿತ್ತು.

ಒಂಬತ್ತನೇ ದಿನ ಟೆಸ್ಟ್ ಕಿಟ್ ತಂದು ನೋಡಿದ್ರೆ, ಸೊನ್ನೆ ಇರಬೇಕಾದ ಅಮೋನಿಯಾ ಬಣ್ಣಪಟ್ಟಿಯ ಮೇಲಿನ ತುದಿ ಮುಟ್ಟಿತ್ತು. ಮೀನಿನ ಕಿವಿರು ಮತ್ತು ಹೊಲಸಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಬರುತ್ತೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಅದನ್ನ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತೆ. ಇವು ಹೊಸ ಫಿಲ್ಟರ್‌ನಲ್ಲಿ ಬೆಳೆಯೋಕೆ ಸುಮಾರು 4ರಿಂದ 6 ವಾರ ಬೇಕು. ನಾವು ಟ್ಯಾಂಕ್ ಕೂರಿಸಿದ ದಿನವೇ ಮೀನು ಬಿಟ್ಟಿದ್ವಿ. ತಿನ್ನಲ್ಲ ಅಂತ ಮತ್ತಷ್ಟು ಸಿಗಡಿ ಚೂರು ಹಾಕಿದ್ವಿ, ಅದೂ ಅಲ್ಲೇ ಕೊಳೀತು. ಕಿವಿರು ಪಟಪಟ ಬಡ್ಕೊಳ್ತಿದ್ದದ್ದು ಉಸಿರಿನ ಒದ್ದಾಟ. ನಾವು "ಚುರುಕಾಗಿದೆ" ಅಂದ್ಕೊಂಡ್ವಿ. ಹನ್ನೊಂದನೇ ದಿನ ಬೆಳಿಗ್ಗೆ ಮೀನು ಸತ್ತಿತ್ತು.

ಸರ್ಕ್ಯೂಟ್ ಕೆಲಸ ಮಾಡದಿದ್ರೆ ನಾವು ಮೊದಲು ಸಪ್ಲೈ ವೋಲ್ಟೇಜ್ ನೋಡ್ತೀವಿ, ಐಸಿ ಕಿತ್ತು ಬಿಸಾಡಲ್ಲ. ಲ್ಯಾಬ್‌ನಲ್ಲಿ ಇರೋ ಈ ಬುದ್ಧಿ ಜೀವ ಇರೋದರ ಮುಂದೆ ಎಲ್ಲಿ ಹೋಗುತ್ತೆ? ಮೀನು ತಿನ್ನದಿದ್ರೆ ಮೊದಲು ನೀರು ನೋಡಿ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಲಯನ್‌ಫಿಶ್‌ಗಾದರೆ ಶಾಖ 24ರಿಂದ 27 ಡಿಗ್ರಿ, ಉಪ್ಪುನೀರಿನ ಸಾಂದ್ರತೆ 1.020ರಿಂದ 1.025. ಆಮೇಲೆ ಮೈ ನೋಡಿ: ಉಸಿರು, ಬಿಳಿ ಚುಕ್ಕೆ, ಮಂಜಾದ ಕಣ್ಣು, ದವಡೆಗೆ ಪೆಟ್ಟು. ಇದು ಆಗಾಗ ಮೈಮೇಲಿನ ತೆಳು ಪೊರೆ ಕಳಚುತ್ತೆ, ಆಗ ಒಂದೆರಡು ದಿನ ತಿನ್ನದಿದ್ರೆ ಅದು ಕಾಯಿಲೆ ಅಲ್ಲ. ಊಟದ ವಿಚಾರ ಕೊನೆಗೆ. ಬೇಟೆಯಾಡೋ ಮೀನಿಗೆ ಅಲುಗಾಡದ ಚೂರು ಊಟ ಅಂತ ಗೊತ್ತಾಗಲ್ಲ, ಕಡ್ಡಿಗೆ ಸಿಕ್ಕಿಸಿ ಆಡಿಸಬೇಕು. ಬರೀ ಸಿಹಿನೀರಿನ ಗಪ್ಪಿ, ಗೋಲ್ಡ್‌ಫಿಶ್ ಕೊಟ್ಟು ಸಾಕಬಾರದು. ಗೋಲ್ಡ್‌ಫಿಶ್‌ನಲ್ಲಿ ಬಿ1 ವಿಟಮಿನ್ ಹಾಳು ಮಾಡೋ ಕಿಣ್ವ ಇದೆ. ಬೆಳೆದ ಮೀನಿಗೆ ವಾರಕ್ಕೆ ಎರಡು-ಮೂರು ಸಲ ಹಾಕಿದ್ರೆ ಸಾಕು. ಔಷಧಿ ಬಾಟಲಿ ಇದೆಲ್ಲ ಮುಗಿದ ಮೇಲೆ.

ಪಾವಗಡದವನು ಮೊದಲೇ ನೀರು ಅಂದಿದ್ದಕ್ಕೆ ಕಾರಣ ಅವನ ಊರು. ಅಲ್ಲಿ ಹಲ್ಲು ಕಂದಾದರೆ ಪೇಸ್ಟ್ ಬದಲಾಯಿಸಿದ್ರಂತೆ, ಮಂಡಿ ಹಿಡಿದರೆ ನೋವಿನ ಮಾತ್ರೆ ನುಂಗಿದ್ರಂತೆ. ತೊಂದರೆ ಇದ್ದದ್ದು ಬೋರ್‌ವೆಲ್‌ನಲ್ಲಿ. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಆ ತಾಲ್ಲೂಕಿನ ಎಷ್ಟೋ ಬೋರ್‌ಗಳು ದಾಟಿದ್ವು. ಆ ನೀರೂ ಕನ್ನಡಿ ಹಂಗೇ ಇರುತ್ತೆ.

"ನೂರಾರು ರೂಪಾಯಿ ಕಿಟ್ ಯಾಕೆ, ಮೀನು ತಾನೇ?" ಅಂತೀರೇನೋ. ಮೀನಿಗೆ ಅದರ ಎಷ್ಟೋ ಪಟ್ಟು ಕೊಟ್ಟಿದ್ವಿ ನಾವು. ನೀರು ಅಳೆಯೋಕೆ ಆಗದಿದ್ರೆ, ಕರೆಂಟ್ ಹೋದಾಗ ಪಂಪ್ ಓಡಿಸೋಕೆ ಆಗದಿದ್ರೆ, ಸಮುದ್ರದ ಮೀನನ್ನ ಇಲ್ಲಿಗೆ ತರೋ ಹಕ್ಕು ನಮಗಿಲ್ಲ. ಬೆನ್ನ ಮೇಲೇ 13 ವಿಷದ ಮುಳ್ಳಿರೋ ಮೀನನ್ನಂತೂ ಹಾಸ್ಟೆಲ್ ರೂಮಿಗೆ ಬೇಡವೇ ಬೇಡ.

ನಮ್ಮ ಟ್ಯಾಂಕ್ ಈಗ ಖಾಲಿ. ಕಿಟ್‌ನಲ್ಲಿ ಇನ್ನೂ ಅರ್ಧ ಬಾಟಲಿ ಇದೆ. ನಿಮ್ಮ ರೂಮಲ್ಲಿ ಮೀನು ಇದ್ರೆ, ಗೋಲ್ಡ್‌ಫಿಶ್ ಆದರೂ ಪರವಾಗಿಲ್ಲ, ಒಂದು ಲೋಟ ನೀರು ತನ್ನಿ. ನೋಡಿ ಹೇಳ್ತೀವಿ.