ಹಗೇವು ಮುಚ್ಚುವ ಮುಂಚೆ

ನಮ್ಮ ಬಯಲುಸೀಮೆಯ ರಾಗಿ ಊರುಗಳಲ್ಲಿ ಈಗ ಮನೆ ಮುಂದೆ ಸಿಮೆಂಟ್ ಹಾಕಿಸುವ ಕಾಲ. ಹಾಕಿಸಲಿ, ಬೇಡ ಅನ್ನಲಾರೆ. ಆದರೆ ಅದಕ್ಕೆ ಮುಂಚೆ ಅಜ್ಜ ತೋಡಿಸಿದ ಹಗೇವಿಗೆ ಕಲ್ಲುಮಣ್ಣು ತುಂಬ್ತಾರಲ್ಲ, ಅದು ಸರಿಯಲ್ಲ ಅನ್ನೋದು ನನ್ನ ಮಾತು.

ಹಗೇವು ಬರೀ ಗುಂಡಿ ಅಲ್ಲ. ನೀರು ನಿಲ್ಲದ ಎತ್ತರ, ಗಟ್ಟಿ ಗರಸು ನೆಲ ನೋಡಿ ತೋಡಿದ್ದು. ಬಾಯಿ ಒಬ್ಬ ಆಳು ಇಳಿಯುವಷ್ಟೆ, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು, ಮೇಲೆ ಹುಲ್ಲು ಹಾಸಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಆಯ್ತು. ಒಳಗಿರೋ ಗಾಳಿಯನ್ನ ಕಾಳೇ ಉಸಿರಾಡಿ ತೀರಿಸುತ್ತೆ, ಹುಳಕ್ಕೆ ಉಸಿರು ಸಿಗಲ್ಲ. ಮಾತ್ರೆ ಇಡೋ ಕೆಲಸವೇ ಇಲ್ಲ. ರಾಗಿ ಮೊದಲೇ ಸುಲಭಕ್ಕೆ ಹುಳು ಹಿಡಿಯದ ಕಾಳು, ವರ್ಷಗಟ್ಟಲೆ ಕೂತಿರುತ್ತೆ. ಚೆನ್ನಾಗಿ ಒಣಗಿರಬೇಕು ಅಷ್ಟೆ, ಇಲ್ಲದಿದ್ರೆ ಮುಗ್ಗು ಹಿಡಿಯುತ್ತೆ. ಬಿತ್ತನೆ ಬೀಜ ಮಾತ್ರ ಅದರಲ್ಲಿ ಬೇಡ, ಮೊಳಕೆ ಕೈಕೊಡುತ್ತೆ. ಬೀಜಕ್ಕೆ ಗುಡಾಣ, ಬೂದಿ, ಬೇವಿನ ಸೊಪ್ಪು ಇದ್ದೇ ಇದೆ.

2013ರಲ್ಲಿ ಅನ್ನಭಾಗ್ಯ ಬಂತು, ಇನ್ನು ಕೂಡಿಡೋದು ಯಾಕೆ ಅಂತಾರೆ ಹುಡುಗರು. ಹೊಟ್ಟೆಗೆ ಸರಿ, ಕೈಗೆ? ಸುಗ್ಗೀಲಿ ಎಲ್ಲರ ಚೀಲವೂ ಒಟ್ಟಿಗೆ ಪೇಟೆಗೆ ಹೋದರೆ ವ್ಯಾಪಾರಿ ಹೇಳಿದ್ದೇ ದರ. 2024-25ಕ್ಕೆ ಸರ್ಕಾರ ರಾಗಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 4290 ರೂಪಾಯಿ. ಅದು ಸಿಗಬೇಕಾದ್ರೆ ನೋಂದಣಿ ಮಾಡಿಸಿ ಸರದಿ ಕಾಯಬೇಕು. ಕಾಯೋತನಕ ರಾಗಿ ಎಲ್ಲಿಡ್ತೀರಿ? ಶೀಟಿನ ಮನೆ ಮೂಲೇಲಿ ಚೀಲ ಒಟ್ಟಿದ್ರೆ ಇಲಿಗೆ ಹಬ್ಬ. ಸಾಲ ಕೊಟ್ಟವನು ಕಾಯಲ್ಲ ಅಂತೀರಿ, ಅದೂ ನಿಜವೇ. ಅರ್ಧ ಮಾರಿ, ಅರ್ಧ ಇಡಿ.

ಹಳೇದೆಲ್ಲ ಚೆನ್ನ ಅಂತ ನಾನೇನು ಹೇಳ್ತಿಲ್ಲ. ಕಾಲುವೆ ನೀರು ಬಂದು ನೆಲ ಜಿನುಗೋ ಕಡೆ ಹಗೇವು ಮುಚ್ಚೋದೇ ಸರಿ. ಅಲ್ಲಿ ಸಗಣಿ ಬಳಿದ ಕಣಜವೋ ತಗಡಿನ ಡ್ರಮ್ಮೋ ಸಾಕು.

ಇನ್ನೊಂದು ಜೀವದ ಮಾತಿದೆ. ಹಗೇವು ತೆಗೆದ ಕೂಡಲೆ ಯಾರನ್ನೂ ಇಳಿಸಬೇಡಿ. ಕಾಳು ಬಿಟ್ಟ ಕೆಟ್ಟ ಗಾಳಿ ಭಾರ, ತಳದಲ್ಲೇ ನಿಂತಿರುತ್ತೆ. ಬಾಯಿ ತೆಗೆದಿಟ್ಟ ಮಾತ್ರಕ್ಕೆ ಪೂರ್ತಿ ಹೋಗಲ್ಲ. ಹಿಂದಿನವರು ಲಾಟೀನು ಇಳಿಬಿಟ್ಟು ನೋಡೋರು, ಆರಿದರೆ ಇಳೀತಿರಲಿಲ್ಲ. ನಾನು ಹೇಳೋದು, ದೀಪ ಉರಿದರೂ ಅದೊಂದನ್ನೇ ನಂಬಬೇಡಿ. ರಾಗಿ ತೂರೋ ಫ್ಯಾನು ಇಟ್ಟು ಒಳಕ್ಕೆ ಚೆನ್ನಾಗಿ ಗಾಳಿ ಊದಿಸಿ. ಇಳಿಯೋನ ಎದೆಗೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ಮಾತಾಡಿಸ್ತಾ ಇರಲಿ. ಅವನು ಮಾತು ನಿಲ್ಲಿಸಿದರೆ ಹಗ್ಗ ಎಳೀರಿ, ಹಿಂದೆಯೇ ಇನ್ನೊಬ್ಬರು ಧುಮುಕಬೇಡಿ. ಮಕ್ಕಳಿರೋ ಮನೇಲಿ ಖಾಲಿ ಹಗೇವಿಗೂ ಚಪ್ಪಡಿ ಮುಚ್ಚಿಯೇ ಇರಲಿ.