ಡಿ2 ಎಲ್ಲಿ ಹೋಯಿತು? ಪ್ರಯೋಗಾಲಯವೊಂದರ ನಿರ್ದೇಶಕರಿಗೆ ಬಹಿರಂಗ ಪತ್ರ



ರಕ್ತದಲ್ಲಿರುವ ವಿಟಮಿನ್ ಡಿ ಪ್ರಮಾಣವನ್ನು ಲಿಕ್ವಿಡ್ ಕ್ರೊಮ್ಯಾಟೊಗ್ರಫಿಯಿಂದ, ಎಂದರೆ ಮಿಶ್ರಣವನ್ನು ದ್ರವದ ಹರಿವಿನಲ್ಲಿ ಸಾಗಿಸಿ ಅದರಲ್ಲಿರುವುದನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ವಿಧಾನದಿಂದ ಅಳೆಯಲಾಗುವುದೆಂದು ತಮ್ಮ ಪ್ರಯೋಗಾಲಯದ ದರಪಟ್ಟಿ ಹೇಳುತ್ತದೆ. ಹೈದರಾಬಾದಿನ ಕಾಚಿಗುಡದ ಕನ್ನಡ ಕುಟುಂಬವೊಂದರಿಂದ ಆ ದುಬಾರಿ ದರವನ್ನೇ ವಸೂಲು ಮಾಡಲಾಗಿದೆ. ಕೈಗೆ ಬಂದ ವರದಿಯ ಕೆಳತುದಿಯಲ್ಲಿ ಮಾತ್ರ, ಕನ್ನಡಕ ಹಾಕಿಕೊಂಡರೂ ಸುಲಭಕ್ಕೆ ಕಾಣದ ಅಕ್ಷರಗಳಲ್ಲಿ, ‘ವಿಧಾನ: ಸಿಎಲ್‌ಐಎ’ ಎಂದಿದೆ. ಸಿಎಲ್‌ಐಎ ಎಂಬುದು ಪ್ರತಿಕಾಯಗಳ ನೆರವಿನಿಂದ ಅಣುವನ್ನು ಹಿಡಿದು, ಆಗ ಹೊಮ್ಮುವ ಬೆಳಕನ್ನು ಅಳೆಯುವ ಬೇರೆಯೇ ಪರೀಕ್ಷೆ. ದೂರವಾಣಿ, ಇ-ಮೇಲ್, ಖುದ್ದು ಭೇಟಿ ಎಲ್ಲ ಮುಗಿದ ಮೇಲೆ, ಉಳಿಸಿಟ್ಟ ಸೀರಮ್ಮನ್ನು ಕ್ರೊಮ್ಯಾಟೊಗ್ರಫಿಯಲ್ಲಿ ಮರುಪರೀಕ್ಷಿಸಿ, ಈ ವಿಟಮಿನ್ನಿನ ಎರಡು ರೂಪಗಳಾದ ಡಿ2 ಮತ್ತು ಡಿ3 ಎರಡನ್ನೂ ಪ್ರತ್ಯೇಕ ಸಾಲುಗಳಲ್ಲಿ ತಿಳಿಸುವುದಾಗಿ ತಮ್ಮ ಕಚೇರಿ ಬರವಣಿಗೆಯಲ್ಲಿ ಮಾತು ಕೊಟ್ಟಿತ್ತು. ಆ ಮಾತು ಈಡೇರದ ಕಾರಣ ಈ ಪತ್ರ ಬಹಿರಂಗವಾಗಿದೆ.

ಈ ಕುಟುಂಬದ ಮಟ್ಟಿಗೆ ಆ ಎರಡು ಸಾಲುಗಳೇ ಮುಖ್ಯ. ಡಿ3 ಬಿಸಿಲಿಗೆ ಒಡ್ಡಿದ ಚರ್ಮದಲ್ಲಿ ತಾನಾಗಿ ಹುಟ್ಟುತ್ತದೆಯಾದರೂ ಅಂಗಡಿಯಲ್ಲಿ ಸಿಗುವ ಡಿ3 ಗುಳಿಗೆಯ ಮೂಲ ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡು. ಡಿ2 ತಯಾರಾಗುವುದು ಯೀಸ್ಟಿನಂಥ ಶಿಲೀಂಧ್ರಗಳಲ್ಲಿರುವ ಎರ್ಗೊಸ್ಟೆರಾಲಿನ ಮೇಲೆ ಅತಿನೇರಳೆ ಕಿರಣ ಹಾಯಿಸಿ. ಕಟ್ಟುನಿಟ್ಟಿನ ಸಸ್ಯಾಹಾರಿಯಾದ ಮನೆಯ ಹಿರಿಯ ಮಹಿಳೆ ವೈದ್ಯರ ಒಪ್ಪಿಗೆ ಪಡೆದೇ ಡಿ2 ಸೇವಿಸುತ್ತಿದ್ದರು. ಎರಡನ್ನೂ ಯಕೃತ್ತು 25-ಹೈಡ್ರಾಕ್ಸಿ ರೂಪಕ್ಕೆ ತಿರುಗಿಸುತ್ತದೆ; ರಕ್ತದಲ್ಲಿ ಎರಡು ಮೂರು ವಾರಗಳ ಅರ್ಧಾಯುಷ್ಯವುಳ್ಳ ಈ ರೂಪವನ್ನೇ ಪ್ರಯೋಗಾಲಯಗಳು ಅಳೆಯುತ್ತವೆ. ಪ್ರತಿಕಾಯ ಆಧಾರಿತ ಪರೀಕ್ಷೆಗಳಲ್ಲಿ ಹಲವು ಡಿ3 ಮೂಲದ ಅಣುವನ್ನು ಹಿಡಿದಷ್ಟು ಚೆನ್ನಾಗಿ ಡಿ2 ಮೂಲದ್ದನ್ನು ಹಿಡಿಯುವುದಿಲ್ಲವೆಂಬುದು ಈ ಶಾಸ್ತ್ರದಲ್ಲಿ ಹಳೆಯ ಸಂಗತಿ. ವರದಿಯಲ್ಲಿ ಮಿಲಿಲೀಟರಿಗೆ 11 ನ್ಯಾನೋಗ್ರಾಂ ಎಂಬ ಒಂದೇ ಅಂಕಿ ಬಂತು. ತಿಂಗಳುಗಟ್ಟಲೆ ಔಷಧ ನುಂಗಿದರೂ ಇಷ್ಟೇ ಏಕೆಂದು ವೈದ್ಯರು ಪ್ರಮಾಣ ಏರಿಸಿದರು. ಆ ಅಂಕಿ ಸುಳ್ಳಾಗಿದ್ದರೆ, ಬೇಡದ ಔಷಧ ರಕ್ತದ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡಕ್ಕೆ ಹಾನಿ ತರಬಹುದೆಂಬುದನ್ನು ಪ್ರಯೋಗಾಲಯದ ನಿರ್ದೇಶಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ.

ಕೇಳಿದ್ದು ಅಸಾಧ್ಯವಾದ ಕೆಲಸವೂ ಅಲ್ಲ. ಕೆಲವು ಹನಿಯಷ್ಟು ಸೀರಮ್ಮಿಗೆ, ಹೈಡ್ರೋಜನ್ ಬದಲು ಡ್ಯೂಟೀರಿಯಂ ಸೇರಿಸಿ ಭಾರ ಮಾಡಿದ ಅದೇ ಅಣುವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಾರೆ. ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿದೊಡನೆ ಸೀರಮ್ ಬೆಳ್ಳಗೆ ಒಡೆದು, ವಿಟಮಿನ್ನನ್ನು ಬಿಗಿಯಾಗಿ ಹಿಡಿದಿದ್ದ ಪ್ರೊಟೀನು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಒತ್ತಡದಲ್ಲಿ ಕಾಲಂ ಎಂಬ ಕಿರುಗೊಳವೆಯ ಮೂಲಕ ಹಾಯಿಸಿದರೆ ಅಣುಗಳು ತಂತಮ್ಮ ಹೊತ್ತಿಗೆ ಹೊರಬೀಳುತ್ತವೆ. ಡಿ2ರ ಅಣುವಿನಲ್ಲಿ 28 ಕಾರ್ಬನ್, ಡಿ3ರದರಲ್ಲಿ 27. ಕೊನೆಯಲ್ಲಿ ಕೂತ ಮಾಸ್ ಸ್ಪೆಕ್ಟ್ರೋಮೀಟರ್, ಎಂದರೆ ಅಣುಗಳನ್ನು ಅವುಗಳ ರಾಶಿಯಿಂದ ಗುರುತಿಸುವ ಯಂತ್ರ, ಈ ಅಂತರವನ್ನು ತಪ್ಪದೆ ಕಾಣುತ್ತದೆ. ಈ ವಿಧಾನಕ್ಕೂ ಮಿತಿಯುಂಟು: ಎಳೆಗೂಸುಗಳ ರಕ್ತದಲ್ಲಿ ಹೆಚ್ಚಾಗಿರುವ ಸಿ3-ಎಪಿಮರ್ ಎಂಬ ಸೋದರ ಅಣುವಿನ ರಾಶಿಯೂ ಅಷ್ಟೇ ಆದ್ದರಿಂದ, ಕಾಲಂ ಅದನ್ನು ಬೇರ್ಪಡಿಸದಿದ್ದರೆ ಲೆಕ್ಕ ಉಬ್ಬುತ್ತದೆ. ಆದರೆ ಇಲ್ಲಿ ವಿಧಾನದ ಮಿತಿಯ ಪ್ರಶ್ನೆ ಏಳಲೇ ಇಲ್ಲ, ಏಕೆಂದರೆ ವಿಧಾನವನ್ನು ಬಳಸಲೇ ಇಲ್ಲ.

ಮರುಪರೀಕ್ಷೆಯ ಮಾತು ನೆನಪಿಸಿದಾಗ ಬಂದ ಉತ್ತರ ‘ಮಾದರಿ ಕೆಟ್ಟಿದೆ’ ಎಂದು. ಮತ್ತೊಮ್ಮೆ ಕೇಳಿದಾಗ ‘ವಿಲೇವಾರಿಯಾಗಿದೆ’ ಎಂದು. 25-ಹೈಡ್ರಾಕ್ಸಿ ವಿಟಮಿನ್ ಡಿ ಸೀರಮ್ಮಿನಲ್ಲಿ ಕೋಣೆಯ ಉಷ್ಣತೆಯಲ್ಲೇ ಕೆಲವು ದಿನ ತಡೆಯುವ, ಶೈತ್ಯೀಕರಿಸಿದರೆ ತಿಂಗಳುಗಳ ಕಾಲ ಉಳಿಯುವ ಗಟ್ಟಿ ಅಣು. ಕೆಟ್ಟದ್ದು ಮಾದರಿಯಲ್ಲ. ಬರೆದುಕೊಟ್ಟ ಮಾತನ್ನು ಹಾರಿಕೆಯ ಎರಡು ಉತ್ತರಗಳಿಂದ ಮುಗಿಸಿ ಕೈತೊಳೆದುಕೊಂಡದ್ದು ಮೂಲ ತಪ್ಪಿಗಿಂತ ದೊಡ್ಡ ಅವಮಾನ.

ಇದು ನಡೆದದ್ದು ಎಂಥ ಊರಿನಲ್ಲಿ? 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಇಲ್ಲಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಊರಿನಲ್ಲಿ. ಜೀಡಿಮೆಟ್ಲ, ಪಾಶಮೈಲಾರಂ ಕಡೆಯ ಔಷಧ ಕಾರ್ಖಾನೆಗಳಲ್ಲಿ ಗುಳಿಗೆಯೊಳಗಿನ ಮದ್ದು ಅಳೆಯಲು ಇದೇ ಕ್ರೊಮ್ಯಾಟೊಗ್ರಫಿ ಯಂತ್ರಗಳು ಪಾಳಿಯ ಮೇಲೆ ಪಾಳಿ ಓಡುವ ಊರಿನಲ್ಲಿ. ಗುಳಿಗೆಗೆ ಸಲ್ಲುವ ಅಳತೆ ಅದನ್ನು ನುಂಗಿದವರ ರಕ್ತಕ್ಕೆ ಸಲ್ಲದೆ?

ಸಂಗತಿ ಒಂದು ಮನೆಯದಾಗಿಯೂ ಉಳಿದಿಲ್ಲ. ದೇಶದ ಆಹಾರ ಬಲವರ್ಧನೆಯ 2018ರ ನಿಯಮಗಳು ಹಾಲಿಗೆ ಡಿ2 ಸೇರಿಸಲು ಅವಕಾಶ ಕೊಟ್ಟಿವೆ. ಆ ಹಾಲು ಕುಡಿದವರ ರಕ್ತದಲ್ಲೂ ಡಿ2 ಇರುತ್ತದೆ. ಪ್ರಯೋಗಾಲಯಗಳ ಅಂಕಿಗಳು ಪರಸ್ಪರ ಹೊಂದುವುದಿಲ್ಲವೆಂದೇ ಬ್ರಿಟನ್ನಿನಲ್ಲಿ 1989ರಿಂದ ಡೀಕ್ವಾಸ್ ಎಂಬ ಹೋಲಿಕಾ ವ್ಯವಸ್ಥೆಯಿದೆ, 2010ರಿಂದ ಅಂತರರಾಷ್ಟ್ರೀಯ ಪ್ರಮಾಣೀಕರಣ ಕಾರ್ಯಕ್ರಮವೊಂದಿದೆ. ಇಲ್ಲಿನ ಪ್ಯಾಕೇಜ್ ವ್ಯಾಪಾರ ಮಾತ್ರ ಯಾವ ಅಳತೆಗೂ ಸಿಕ್ಕುವುದಿಲ್ಲ: ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಸಾಕೆಂದು ಒಂದು ಪಕ್ಷ, 30 ಬೇಕೆಂದು ಇನ್ನೊಂದು ಪಕ್ಷ ವರ್ಷಗಟ್ಟಲೆ ವಾದಿಸಿ, 30ರ ಗೆರೆ ಎಳೆದಿದ್ದ ಅಮೆರಿಕದ ಎಂಡೊಕ್ರೈನ್ ಸೊಸೈಟಿಯೇ 2024ರಲ್ಲಿ ಅದನ್ನು ಕೈಬಿಟ್ಟು, ಆರೋಗ್ಯವಂತ ವಯಸ್ಕರಿಗೆ ಈ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡುವುದು ಬೇಡವೆಂದ ಮೇಲೂ, ‘ಫುಲ್ ಬಾಡಿ ಚೆಕಪ್’ ಹೆಸರಿನಲ್ಲಿ ಎಲ್ಲರ ತೋಳಿಗೂ ಸೂಜಿ ಇಳಿಯುತ್ತಿದೆ.

ಹಣ ಮರಳಿಸುವ ಮಾತನ್ನು ಕೌಂಟರಿನ ಸಿಬ್ಬಂದಿ ಆಡಿದ್ದಾರೆ. ಕುಟುಂಬ ಕೇಳಿದ್ದು ಹಣವನ್ನಲ್ಲ. ದರಪಟ್ಟಿಯಲ್ಲಿ ಒಂದು ವಿಧಾನ, ಯಂತ್ರದಲ್ಲಿ ಇನ್ನೊಂದು ವಿಧಾನ ಎಷ್ಟು ಕಾಲದಿಂದ ನಡೆದಿದೆ, ಎಷ್ಟು ರೋಗಿಗಳಿಗೆ ಹೀಗಾಗಿದೆ ಎಂಬುದನ್ನು ನಿರ್ದೇಶಕರು ತಮ್ಮ ಸಹಿಯಡಿ ತಿಳಿಸಬೇಕು. ಹೊಸದಾಗಿ ರಕ್ತ ತೆಗೆದು, ಮಾತು ಕೊಟ್ಟಂತೆ ಡಿ2, ಡಿ3 ಬೇರೆಬೇರೆಯಾಗಿ ಅಳೆದ ವರದಿಯನ್ನು ವೈದ್ಯರಿಗೆ ಕಳುಹಿಸಬೇಕು. ಅಲ್ಲಿಯವರೆಗೆ ಓದುಗರು ವಿಟಮಿನ್ ಡಿ ಪರೀಕ್ಷೆಗೆ ಹಣ ಕಟ್ಟುವ ಮುನ್ನ ವಿಧಾನ ಯಾವುದೆಂದು ರಸೀದಿಯ ಮೇಲೆಯೇ ಬರೆಸಿಕೊಳ್ಳುವುದು ಒಳ್ಳೆಯದು.