ಹಸಿವನ್ನು ಅರಿತ ಪ್ರಾಂಶುಪಾಲೆ



ಹೆಣ್ಣಿನ ರಕ್ತಹೀನತೆ ಅವಳ ಹಣೆಬರಹವಲ್ಲ. ಬಹಳ ಸಲ ಅದು ಅವಳ ತಟ್ಟೆಗೆ ಏನು ಬಿತ್ತು, ಏನು ಬೀಳಲಿಲ್ಲ ಎಂಬುದರ ಲೆಕ್ಕ. ಈ ಸತ್ಯವನ್ನು ಸುಮಾರು ನೂರು ವರ್ಷಗಳ ಹಿಂದೆ ಲಂಡನ್ನಿನ ಬಡವರ ಕೇರಿಗಳಲ್ಲಿ ಕಣ್ಣಾರೆ ಕಂಡವರು ಡಾ. ಜಾನೆಟ್ ವಾನ್.

1899ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಈಕೆ ದಡ್ಡಿ, ಓದಿಸಿ ಪ್ರಯೋಜನವಿಲ್ಲ ಎಂದು ಶಾಲೆಯ ಮುಖ್ಯೋಪಾಧ್ಯಾಯಿನಿಯೇ ತೀರ್ಮಾನಿಸಿದ್ದರಂತೆ. ಆದರೂ ಆಕೆ ಆಕ್ಸ್‌ಫರ್ಡಿನ ಸಾಮರ್‌ವಿಲ್ ಮಹಿಳಾ ಕಾಲೇಜು ಸೇರಿದರು, ವೈದ್ಯೆಯಾದರು. ಆ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಒಪ್ಪಿದ್ದೇ 1920ರಲ್ಲಿ.

ಒಂದು ಬಗೆಯ ಮಾರಕ ರಕ್ತಹೀನತೆಗೆ ಆಗ ಆರ್ಸೆನಿಕ್ ವಿಷವನ್ನೇ ಮದ್ದೆಂದು ಕೊಡುತ್ತಿದ್ದರು. ಪ್ರಾಣಿಯ ಯಕೃತ್ತು ತಿನ್ನಿಸಿದರೆ ರೋಗ ತಗ್ಗುತ್ತದೆಂಬ ಅಮೆರಿಕದ ವರದಿಯನ್ನು ಓದಿದ ಜಾನೆಟ್, ಪರಿಚಿತರ ಮನೆಗಳಿಂದ ಮಾಂಸ ಕೊಚ್ಚುವ ಯಂತ್ರಗಳನ್ನು ಎರವಲು ತಂದು, ತಾವೇ ಸಾರ ತಯಾರಿಸಿದರು. ಯಂತ್ರ ಕೊಟ್ಟವರಲ್ಲಿ ಅವರ ಬಂಧು, ಲೇಖಕಿ ವರ್ಜೀನಿಯಾ ವುಲ್ಫ್ ಕೂಡ ಇದ್ದರು. ಆ ಸಾರವನ್ನು ಮೊದಲು ತಾವು ಕುಡಿದು ನೋಡಿ, ಆಮೇಲೆ ರೋಗಿಗೆ ಕೊಟ್ಟರು. ಅಡುಗೆಮನೆಯ ಸಾಮಾನೇ ಪ್ರಯೋಗಶಾಲೆಯಾಯಿತು.

ಎರಡನೇ ಮಹಾಯುದ್ಧದಲ್ಲಿ ಲಂಡನ್ ಸುತ್ತ ತೆರೆದ ನಾಲ್ಕು ರಕ್ತಭಂಡಾರಗಳಲ್ಲಿ ಸ್ಲೌ ಊರಿನದನ್ನು ಇವರೇ ನಡೆಸಿದರು. 1945ರ ಏಪ್ರಿಲ್‌ನಲ್ಲಿ ಜರ್ಮನಿಯ ಬೆಲ್ಸೆನ್ ಸೆರೆಶಿಬಿರದ ಬಾಗಿಲು ತೆರೆದಾಗ ಒಳಗಿದ್ದ ಸುಮಾರು 60,000 ಜನರಲ್ಲಿ ಬಹುಪಾಲು ಹಸಿವು, ರೋಗಗಳಿಂದ ಜರ್ಜರಿತರಾಗಿದ್ದರು. ಇಂಥವರಿಗೆ ಹೇಗೆ ಉಣಿಸಬೇಕೆಂದು ಕಂಡುಕೊಳ್ಳಲು ಜಾನೆಟ್ ಅಲ್ಲಿಗೆ ಹೋದರು. ಪ್ರೋಟೀನ್ ದ್ರವವನ್ನು ಸೂಜಿಯಿಂದ ಕೊಡಹೋದರೆ, ಸೂಜಿಯೆಂದರೆ ಸಾವು ಎಂದೇ ಶಿಬಿರದಲ್ಲಿ ಕಲಿತಿದ್ದ ಜನ ಹೆದರಿ ನಡುಗುತ್ತಿದ್ದರು. ಕೊನೆಗೆ ಅವರಿಗೆ ಒಗ್ಗಿದ್ದು ಬಾಯಿಂದ ಸ್ವಲ್ಪಸ್ವಲ್ಪವೇ ಕುಡಿಸಿದ ಹಾಲಿನ ಆಹಾರ. ಹಸಿದವರಿಗೆ ಅನ್ನದಷ್ಟೇ ಅಭಯವೂ ಬೇಕೆಂಬುದು ಅಲ್ಲಿ ಕಂಡ ಪಾಠ.

ಅದೇ ವರ್ಷ ಅವರು ತಾವು ಓದಿದ ಸಾಮರ್‌ವಿಲ್‌ಗೆ ಪ್ರಾಂಶುಪಾಲೆಯಾಗಿ ಮರಳಿದರು. 1967ರವರೆಗೆ ಆ ಹೊಣೆ ಹೊತ್ತು, ಹುಡುಗಿಯರು ವಿಜ್ಞಾನ ಓದಲು ಒತ್ತಾಸೆಯಾದರು. ಅದೇ ಕಾಲೇಜಿನ ಅಧ್ಯಾಪಕಿ ಡೊರೊಥಿ ಹಾಜ್‌ಕಿನ್ 1964ರಲ್ಲಿ ನೊಬೆಲ್ ಪಡೆದರು. ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಜಾನೆಟ್ ಸ್ವಂತ ಸಂಶೋಧನೆಯನ್ನೂ ಬಿಡಲಿಲ್ಲ. 1979ರಲ್ಲಿ, 79ರ ವಯಸ್ಸಿನಲ್ಲಿ, ರಾಯಲ್ ಸೊಸೈಟಿ ಅವರನ್ನು ಸದಸ್ಯೆಯಾಗಿ ಆರಿಸಿತು. 1993ರಲ್ಲಿ ತೀರಿಕೊಂಡರು.

ಈ ಬದುಕು ನಮಗೇಕೆ ಮುಖ್ಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ನಮ್ಮಲ್ಲಿ ಬರವಿಲ್ಲದ ಮನೆಯಲ್ಲೂ ಸೊಸೆ ಕೊನೆಗೆ ಉಣ್ಣುತ್ತಾಳೆ, ತಳದಲ್ಲಿ ಉಳಿದದ್ದನ್ನು ಉಣ್ಣುತ್ತಾಳೆ. ಅದನ್ನು ಸಂಪ್ರದಾಯವೆಂದು ಕರೆದು ಸುಮ್ಮನಾಗುತ್ತೇವೆ. ಬೇಕೆಂದೇ ಅನ್ನ ತಪ್ಪಿಸುವುದು ದೌರ್ಜನ್ಯವೇ. ಮನೆಯ ಅಗತ್ಯಗಳನ್ನು ಹೆಂಗಸಿಗೆ ನಿರಾಕರಿಸುವುದನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಆರ್ಥಿಕ ಹಿಂಸೆಯೆಂದೇ ಹೆಸರಿಸಿದೆ.

ಆದ್ದರಿಂದ ಸಂಘದ ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇನ್ನೊಂದು ಲೆಕ್ಕ ತೆಗೆಯಿರಿ. ಯಾರು ಯಾವಾಗ ಉಂಡರು, ಯಾರ ರಕ್ತ ಪರೀಕ್ಷೆ ಆಗಿದೆ, ಯಾರ ಮಗಳ ಓದು ನಿಂತಿದೆ, ಕೇಳಿ. ಮಗಳನ್ನು ಓದಿಸಿ ಏನು ಪ್ರಯೋಜನ ಎಂದವರಿಗೆ ಈ ಪ್ರಾಂಶುಪಾಲೆಯ ಕಥೆ ಹೇಳಿ.